ಐದನೆಯ ಸೀಸನ್ ಡಿಸ್ಕಿನಲ್ಲಿ ಬರಲಿಲ್ಲ

ಡೊಂಬಿವಲಿ ಪೂರ್ವ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಅಂಬಾದಾಸ ಅವರಿಗೆ,

ಮಲ್ಲಿಕಾಳ ನಮಸ್ಕಾರ. ‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ, ಹೆಸರಷ್ಟೇ ಬರೆಯೋಣವೆಂದರೆ ಮನಸ್ಸು ಒಪ್ಪಲಿಲ್ಲ. ಸದ್ಯಕ್ಕೆ ಇಷ್ಟರಲ್ಲೇ ಸುಧಾರಿಸಿಕೊಳ್ಳಿ. ವಾಟ್ಸಾಪ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಅಲ್ಲಿ ನಾನು ಎಷ್ಟುದ್ದ ಬರೆದರೂ ನಿಮ್ಮಿಂದ ಬರುವುದು ಒಂದು ಹೆಬ್ಬೆಟ್ಟು. ಕಾಗದಕ್ಕಾದರೆ ಹೆಬ್ಬೆಟ್ಟು ಒತ್ತಿ ಕಳಿಸುವುದು ಸ್ವಲ್ಪ ಕಷ್ಟ.

ಮಾವನವರು ಕ್ಷೇಮ. ಹಾಗೆ ಬರೆಯುವುದು ರೂಢಿ, ಅದಕ್ಕೆ ಬರೆದೆ. ನಿಜ ಹೇಳಬೇಕೆಂದರೆ ಅವರ ಮಂಡಿ ಹಿಡಿದುಕೊಂಡಿದೆ, ಬೆಳಿಗ್ಗೆ ತಿಂದ ಉಪ್ಪಿಟ್ಟು ಮಧ್ಯಾಹ್ನಕ್ಕೆ ಮರೆತಿರುತ್ತದೆ. ರೈಲ್ವೆಯ ರೂಲು ಮಾತ್ರ ಒಂದೂ ಮರೆತಿಲ್ಲ. ಕಲ್ಯಾಣದಿಂದ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ನಿಂತು ನೌಕರಿ ಮುಗಿಸಿದ ಗಾರ್ಡ್ ಚಂದ್ರಾಮ ಇನ್ನೂ ಡ್ಯೂಟಿಯಲ್ಲೇ ಇದ್ದಾರೆ. ನೀವೆಲ್ಲಿ ಎಂದು ಕೇಳಿದಾಗಲೆಲ್ಲ, ವಾಶಿ ಆಫೀಸಿನಲ್ಲಿ ಕೆಲಸ ಜಾಸ್ತಿ, ಅಲ್ಲೇ ಉಳಿದಿದ್ದಾರೆ ಅನ್ನುತ್ತೇನೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಈಗ ಮುಖ್ಯ ವಿಷಯ. ನಮ್ಮ ಕಟ್ಟಡದ ಗೋಡೆಗೆ ಪಾಲಿಕೆಯವರು ಬೀಳುವ ಅಪಾಯವಿದೆ, ‘ಧೋಕಾದಾಯಕ’ ಎಂದು ಕೆಂಪಗೆ ಬರೆದು ಹೋದ ಫೋಟೊ ಕಳಿಸಿದ್ದೆ. ಮೇಲಿನವರೆಲ್ಲ ಖಾಲಿ ಮಾಡಿದ್ದಾರೆ. ಪಿತೃಪಕ್ಷದಲ್ಲಿ ಹೊಸ ಮನೆ ಹೊಗಬಾರದೆಂದು ಉಳಿದವರು ಕಾದು ಕೂತಿದ್ದಾರೆ, ನವರಾತ್ರಿಯ ಘಟಸ್ಥಾಪನೆಯ ದಿನ ಎಲ್ಲರ ಟೆಂಪೊಗಳೂ ಒಟ್ಟಿಗೇ ಬಂದು ನಿಲ್ಲುತ್ತವೆ. ಅದರಲ್ಲಿ ಒಂದು ನಮ್ಮದು. ಕಲ್ಯಾಣದಲ್ಲಿ ನೆಲಮಹಡಿಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇನೆ, ಒಂದು ಕೋಣೆ, ಒಂದು ಅಡಿಗೆಮನೆ. ಮಾವನವರು ಮಾತ್ರ ಏಳುವುದಿಲ್ಲ ಎಂದು ಕೂತಿದ್ದಾರೆ. ಮೊನ್ನೆಯ ಮಳೆಗೆ ಅಡಿಗೆಮನೆಯ ಸೂರಿನ ಗಾರೆ ಕಳಚಿ ಒಲೆಯ ಪಕ್ಕದಲ್ಲಿ ದೊಪ್ಪೆಂದು ಬಿತ್ತು. ಕುಕ್ಕರು ಇಳಿಸಿ ಆಗತಾನೇ ಈಚೆ ಬಂದಿದ್ದೆ. ದೇವರು ದೊಡ್ಡವನು. ಅಷ್ಟಾದರೂ ಆ ಮನುಷ್ಯ ಕುರ್ಚಿ ಬಿಡಲಿಲ್ಲ.

ಯಾಕೆಂದು ಕೇಳಿದರೆ ನೀವು ನಗುತ್ತೀರಿ. ಸ್ಟೇಷನ್ ಮಾಸ್ತರಳ ಕಥೆ ಮುಗಿದಿಲ್ಲವಂತೆ.

ಆ ಸೀರಿಯಲ್ಲು ಈ ಮನೆಗೆ ಬಂದದ್ದು ನಿಮ್ಮಿಂದಲೇ ಅಲ್ಲವೇ. ಮಾವನವರು ರಿಟೈರ್ ಆದ ವಾರ ಠಾಣೆ ಸ್ಟೇಷನ್ನಿನ ಹತ್ತಿರ ನೌಪಾಡಾದಲ್ಲಿರುವ ಧರ್ಮಪಾಲಣ್ಣನ ಡಿಸ್ಕಿನ ಅಂಗಡಿಯಿಂದ ಬ್ಲೂ-ರೇ ಪ್ಲೇಯರನ್ನೂ ಮೊದಲ ಸೀಸನ್ನಿನ ಡಬ್ಬಿಯನ್ನೂ ಹೊತ್ತು ತಂದಿರಿ. ಹಿಮ ಬೀಳುವ ಯಾವುದೋ ದೇಶದ ಪುಟ್ಟ ಸ್ಟೇಷನ್ನು, ಅಲ್ಲೊಬ್ಬಳು ಸ್ಟೇಷನ್ ಮಾಸ್ತರ್, ಗಣಿ ಕೆಲಸಕ್ಕೆಂದು ಹೋಗಿ ತಿರುಗಿ ಬಾರದ ಅವಳ ಗಂಡ. ಭಾನುವಾರ ಊಟವಾದ ಮೇಲೆ ಮೂವರೂ ಕೂತು ನೋಡುತ್ತಿದ್ದೆವು. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನೀವು ಓದಿ ಮಾವನವರಿಗೆ ನಮ್ಮ ಕಲಬುರಗಿ ಮಾತಿನಲ್ಲಿ ಹೇಳುತ್ತಿದ್ದಿರಿ. ಆ ಬಿಳಿ ಹೆಂಗಸು ‘ಯಾಕಲೇ ಭಾಡ್ಯಾ, ಸಿಗ್ನಲ್ ಕಾಣಂಗಿಲ್ಲೇನು’ ಎಂದು ಪೋರ್ಟರನನ್ನು ಬೈದ ದಿನ ಮಾವನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದು ನಿಮಗೆ ನೆನಪಿದೆಯೋ ಇಲ್ಲವೋ. ನೀವು ಅಷ್ಟು ಚೆನ್ನಾಗಿ ಮಾತಾಡುತ್ತಿದ್ದ ಕಾಲ ಅದು.

ಮೊದಲ ಸೀಸನ್ನಿನ ಡಬ್ಬಿ ಇಟ್ಟಿಗೆಯಷ್ಟು ದಪ್ಪವಿತ್ತು. ಒಳಗೆ ಬಣ್ಣದ ಪುಸ್ತಕ, ಆ ಸ್ಟೇಷನ್ನಿನ ನಕ್ಷೆ. ಮಾವನವರು ನಕ್ಷೆ ಬಿಡಿಸಿ, ಲೂಪ್ ಲೈನ್ ಹಾಕಿದ್ದೇ ತಪ್ಪು ಎಂದು ಒಂದು ವಾರ ವಾದ ಮಾಡಿದರು. ಎರಡನೆಯದಕ್ಕೆ ಪುಸ್ತಕ ಹೋಯಿತು. ಮೂರನೆಯದರಲ್ಲಿ ಡಬ್ಬಿಯೇ ತೆಳುವಾಗಿ ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನಾಲ್ಕನೆಯದು ಬರೀ ರಟ್ಟಿನ ಲಕೋಟೆಯಲ್ಲಿ ಬಂತು, ಮದುವೆ ಕರೆಯೋಲೆ ಬಂದ ಹಾಗೆ. ನಮಗೆ ಅಷ್ಟರಲ್ಲೇ ತಿಳಿಯಬೇಕಿತ್ತು. ನಾಲ್ಕನೆಯದರ ಕೊನೆಯಲ್ಲಿ ಗಾಡಿ ಬಂದು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಅವಳು ಕೈಯಲ್ಲಿ ಹಸಿರು ಬಾವುಟ ಹಿಡಿದು ನೋಡುತ್ತ ನಿಲ್ಲುತ್ತಾಳೆ. ಅಷ್ಟೇ. ಗಂಡ ಇಳಿದನೋ ಇಲ್ಲವೋ ಗೊತ್ತಾಗಬೇಕಾದರೆ ಐದನೆಯದು ಬರಬೇಕು.

ಐದನೆಯದು ಆ್ಯಪಿನಲ್ಲಿ ಬಂತು. ಡಿಸ್ಕು ಆಮೇಲೆ ಬರುತ್ತದೆಂದು ಕಂಪನಿಯವರು ಮೂಗಿಗೆ ತುಪ್ಪ ಸವರಿದರು. ಫೋನಿನ ಕಿಂಡಿಯಲ್ಲಿ ನೋಡುವುದು ಬೇಡ, ಡಿಸ್ಕು ಬರಲಿ, ಮೂವರೂ ಕೂತು ನೋಡೋಣ ಎಂದು ಮಾವನವರು ಹೇಳಿದಾಗ ನೀವು ತಲೆಯಾಡಿಸಿದ್ದಿರಿ. ಆಮೇಲೆ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ವಾಶಿಗೆ ಹೋಗುವ ದಾರಿಯಲ್ಲಿ, ಜನರ ನಡುವೆ ನಿಂತುಕೊಂಡೇ, ಅಷ್ಟನ್ನೂ ಫೋನಿನಲ್ಲಿ ನೋಡಿ ಮುಗಿಸಿದಿರಿ. ಅದನ್ನು ಊಟಕ್ಕೆ ಕೂತಾಗ ನೀವೇ ಬಾಯಿಬಿಟ್ಟಿರಿ. ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ‘ನೋಡೇಬಿಟ್ಟೇನು? ಹಂಗಾರ ಹೇಳಬ್ಯಾಡ. ಡಿಸ್ಕ್ ಬರ್ಲಿ’ ಅಂದರು. ಸಿಟ್ಟು ಮಾಡಲಿಲ್ಲ. ನನಗೆ ಮಾತ್ರ ಸಿಟ್ಟು ಬಂತು, ಇವತ್ತಿಗೂ ಇದೆ. ನೋಡಿದ್ದಕ್ಕಲ್ಲ. ನಮ್ಮನ್ನು ಬಿಟ್ಟು ನೋಡಿದೆನಲ್ಲ ಎಂದು ನಿಮಗೆ ಏನೂ ಅನ್ನಿಸಲಿಲ್ಲವಲ್ಲ, ಅದಕ್ಕೆ.

ನಾನು ನನ್ನ ಆಫೀಸಿನಿಂದ ಬರುವಾಗ ಠಾಣೆಯಲ್ಲಿ ಇಳಿದು ಇಳಿದು, ನೌಪಾಡಾಕ್ಕೆ ಹೋಗಿ ಧರ್ಮಪಾಲಣ್ಣನನ್ನು ಕೇಳಿದ್ದೇ ಕೇಳಿದ್ದು. ಅವನ ಗೋಡೆಯ ತುಂಬ ಇದ್ದ ಸೀರಿಯಲ್ಲಿನ ಡಬ್ಬಿಗಳು ಒಂದು ಸಾಲಿಗೆ ಬಂದವು, ಆಮೇಲೆ ಒಂದು ಮೂಲೆಗೆ. ಈಗ ಆ ಜಾಗದಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿವೆ. ಹೋದ ತಿಂಗಳು ಅವನೇ ಬೇಜಾರಿನಿಂದ ಹೇಳಿದ: ‘ಇನ್ನು ಕಾಯ್ಬೇಡಿ ಅಕ್ಕಾ. ಸಿನಿಮಾದ್ದಾದ್ರೆ ಒಂದೆರಡು ಬರ್ತದೆ. ಸೀರಿಯಲ್ಲಿಂದು ಯಾರೂ ಮಾಡುದೇ ಇಲ್ಲ ಈಗ. ತಕೊಳ್ಳುವವ್ರು ನಿಮ್ಮ ಮಾವ ಒಬ್ರೇ ಅಂತ ಕಾಣ್ತದೆ.’ ಅಷ್ಟರಲ್ಲಿ ಆ್ಯಪಿನವರೂ ಅದನ್ನು ತೆಗೆದುಹಾಕಿದ್ದರು. ಯಾಕೆ ಎಂದು ಯಾರನ್ನು ಕೇಳುವುದು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾನು ಸುಮ್ಮನೆ ಕೂತಿಲ್ಲ. ಧರ್ಮಪಾಲಣ್ಣ ಎಲ್ಲಿಂದಲೋ ಪೆನ್ ಡ್ರೈವಿಗೆ ಹಾಕಿಸಿ ಕೊಡುತ್ತೇನೆಂದ. ಮಾವನವರು ‘ಬಿನಾ ಟಿಕೆಟ್ ಗಿರಾಕಿ ನನ್ನ ಗಾಡ್ಯಾಗ ಬ್ಯಾಡ’ ಎಂದು ಒಂದೇ ಮಾತಿಗೆ ತಳ್ಳಿಹಾಕಿದರು. ಆಮೇಲೆ ಫೋನಿನಲ್ಲಿ ಹುಡುಕಿ, ನೋಡಿದವರು ಬರೆದದ್ದನ್ನು ಓದಿ ಹೇಳಿದೆ. ಅಲ್ಲೂ ಅಡ್ಡಗೋಡೆಯ ಮೇಲೆ ದೀಪ. ಗಂಡ ಇಳಿದ ಎಂದು ಒಬ್ಬಳು ಬರೆದರೆ, ಅದು ಅವಳಿಗೆ ಬಿದ್ದ ಕನಸು ಎಂದು ಇನ್ನೊಬ್ಬ. ‘ಬರದಾಕಿ ಗುರ್ತು ಅದ ಏನು ನಿನಗ?’ ಎಂದು ಮಾವನವರು ಕೇಳಿದರು. ಬೇಸತ್ತು, ನಾನೇ ನೋಡಿದ್ದೇನೆ, ಅವನು ಇಳಿದ, ಕಥೆ ಮುಗಿಯಿತು, ಏಳಿ ಅಂದುಬಿಟ್ಟೆ. ಇಳಿಯುವಾಗ ಅವನ ಕೈಯಲ್ಲಿ ಏನಿತ್ತು ಎಂದು ಕೇಳಿದರು. ಸೂಟ್‌ಕೇಸು ಅಂದೆ. ಗಣಿಗೆ ಹೋದವನ ಕೈಗೆ ಸೂಟ್‌ಕೇಸು ಎಲ್ಲಿಂದ ಬರಬೇಕು! ಅವರು ಕಿಟಕಿಯ ಕಡೆ ತಿರುಗಿಕೊಂಡರು. ನನಗೆ ನಾಚಿಕೆಯಾಯಿತು.

ಅವರ ಲೆಕ್ಕ ಬೇರೆ. ಗಾಡಿಯ ಕೊನೆಯ ಡಬ್ಬಿಯ ಬೆನ್ನಿಗೆ ಎಲ್.ವಿ., ಅಂದರೆ ಲಾಸ್ಟ್ ವೆಹಿಕಲ್, ಎಂಬ ಫಲಕ ತೂಗುಹಾಕುತ್ತಾರಲ್ಲ, ಗಾಡಿ ದಾಟಿಹೋಗುವಾಗ ಸ್ಟೇಷನ್ನಿನವರು ಆ ಫಲಕವನ್ನು ಕಣ್ಣಾರೆ ನೋಡಬೇಕಂತೆ. ನೋಡಿದ ಮೇಲೆಯೇ ಗಾಡಿ ಪೂರ್ತಿ ಬಂತು ಎಂದು ಹೇಳುವುದು. ಅಲ್ಲಿಯ ತನಕ ಆ ಲೈನಿನಲ್ಲಿ ಇನ್ನೊಂದು ಗಾಡಿ ಬಿಡುವಂತಿಲ್ಲ. ಯಾರೋ ಹೇಳಿದರು, ಎಲ್ಲೋ ಓದಿದೆ ಎಂಬುದು ನಡೆಯುವುದಿಲ್ಲ. ಅದಕ್ಕೇ ಬೇರೆ ಯಾವ ಸೀರಿಯಲ್ಲನ್ನೂ ಹಾಕಲು ಬಿಡುವುದಿಲ್ಲ. ಕಲ್ಯಾಣದ ಮಾತೆತ್ತಿದರೆ, ‘ಗಾಡಿ ನಡು ಹಾದ್ಯಾಗ ನಿಂತರ ಗಾರ್ಡ್ ಇಳದು ಮನಿಗಿ ಹೋಗ್ತಾನೇನು?’ ಎಂದು ನನ್ನನ್ನೇ ಕೇಳುತ್ತಾರೆ. ಹೋಗುವುದಿಲ್ಲ ಮಾವ ಅನ್ನುತ್ತೇನೆ.

‘ಮತ್ತ ಯಾರು ನೋಡ್ಯಾರ? ಅಂಬು ನೋಡ್ಯಾನ. ಅಂವ ಬಂದು ಹೇಳಿದರ ನಾ ಎದ್ದೆ’ ಅನ್ನುತ್ತಾರೆ.

ಹೀಗಿದೆ ಸಂಗತಿ. ನಮ್ಮ ಮೂವರಲ್ಲಿ ಕೊನೆಯವರೆಗೆ ನೋಡಿದವರು ನೀವೊಬ್ಬರೇ. ಬರುವ ಭಾನುವಾರ ಮಹಾಲಯ ಅಮಾವಾಸ್ಯೆ, ಅತ್ತೆಯವರಿಗೆ ಎಡೆ ಇಡುವ ದಿನ. ಆ ನೆಪದಲ್ಲಾದರೂ ಬನ್ನಿ. ಊಟ ಮಾಡಿ, ಅವರ ಪಕ್ಕ ಕೂತು, ಆ ಗಾಡಿಯಿಂದ ಯಾರು ಇಳಿದರು, ಯಾರು ಇಳಿಯಲಿಲ್ಲ ಎಂದು ಹೇಳಿ ಹೋಗಿ. ಫೋನಿನಲ್ಲಿ ಹೇಳುತ್ತೇನೆ ಅನ್ನಬೇಡಿ. ಹೋದ ಸಲ ಅವರ ಕಿವಿಗೆ ಫೋನು ಹಿಡಿದು ನಿಂತಿದ್ದೆ, ನೀವು ಮೀಟಿಂಗ್ ಇದೆ ಎಂದು ಇಟ್ಟಿರಿ. ಇಟ್ಟ ಮೇಲೂ ಅವರು ‘ಹಾಂ, ಹಾಂ’ ಅನ್ನುತ್ತಲೇ ಇದ್ದರು. ಆ ಗಂಡ ಇಳಿಯದೆ ಹೋಗಿದ್ದರೆ ಇಳಿಯಲಿಲ್ಲ ಅಂತಲೇ ಹೇಳಿ. ಸುಳ್ಳು ಬೇಡ, ಸಿಕ್ಕಿಬೀಳುತ್ತೀರಿ.

ನಮ್ಮ ವಿಷಯ ಬರೆಯಬಾರದೆಂದು ಕೂತಿದ್ದೆ. ಎರಡು ಸಾಲು ಬರೆದುಬಿಡುತ್ತೇನೆ, ಮಾವನವರಿಗೆ ಓದಿ ಹೇಳುವುದಿಲ್ಲ. ಓಡಾಟ ಕಷ್ಟ ಎಂದು ವಾಶಿಯಲ್ಲಿ ಕೋಣೆ ಮಾಡಿದಿರಿ, ಸರಿ. ಶನಿವಾರ ಬರುತ್ತಿದ್ದಿರಿ, ಆಮೇಲೆ ಹಬ್ಬಕ್ಕೆ ಬಂದಿರಿ, ಈ ಸಲ ಗಣಪತಿಗೂ ಬರಲಿಲ್ಲ. ಜಗಳವಾಡಲಿಲ್ಲ, ಬಿಟ್ಟೆ ಅನ್ನಲಿಲ್ಲ. ಡಿಸ್ಕು ನಿಂತದ್ದೂ ಹೀಗೆಯೇ, ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಬರಲಿಲ್ಲ ಅಷ್ಟೇ. ಕೇಳಿದವರಿಗೆಲ್ಲ ನಿಮ್ಮ ಪರವಾಗಿ ಕಾರಣ ಹೇಳಿ ಹೇಳಿ ನನಗೆ ದಣಿವಾಗಿದೆ ರೀ. ಒಲೆ ಹಚ್ಚಲೂ ಬೇಸರ, ಏಳು ಗಂಟೆಯ ಲೋಕಲ್ಲಿನಲ್ಲಿ ಒಂಟಿ ಕಾಲಲ್ಲಿ ನಿಲ್ಲಲೂ ಬೇಸರ. ಅಳು ಬಂದರೆ ಹಗುರವಾದೇನು, ಅದೂ ಬರುವುದಿಲ್ಲ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಮಾವನವರನ್ನು ಕರೆದುಕೊಂಡು ಹೋಗಿ ಎಂದು ನಾನು ಕೇಳುತ್ತಿಲ್ಲ. ಪನವೇಲಿನ ಕಡೆ ಒಳ್ಳೆಯ ವೃದ್ಧಾಶ್ರಮ ಇದೆ ಎಂದು ನೀವು ಕಳಿಸಿದ ಲಿಂಕು ನನಗೆ ಬೇಡ. ನಾನು ಆರಿಸಿಕೊಂಡದ್ದು ನಿಮ್ಮನ್ನು, ಅವರು ಜೊತೆಗೆ ಬಂದರು. ಈಗ ಉಳಿದವರು ಅವರೇ. ಸಿಟ್ಟು ಮಾಡುತ್ತಾರೆ, ನನ್ನ ಸಾರಿಗೆ ಉಪ್ಪಿಲ್ಲ ಅನ್ನುತ್ತಾರೆ, ನಾನು ಬರುವುದು ತಡವಾದರೆ ಕುಂಟುತ್ತ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹಾಗೆ ನಿಲ್ಲುವವರು ನನಗೆ ಇನ್ಯಾರಿದ್ದಾರೆ ಹೇಳಿ.

ಗಾರೆ ಬಿದ್ದದ್ದು ಒಲೆಯ ಪಕ್ಕ. ಮುಂದಿನ ಸಲ ಎಲ್ಲಿ ಬೀಳುತ್ತದೋ ಗೊತ್ತಿಲ್ಲ. ಭಾನುವಾರ ತಪ್ಪಿಸಬೇಡಿ.

ಇನ್ನೂ ನಿಮ್ಮ ಹೆಸರು ಬರೆದ ಬಾಗಿಲ ಒಳಗೇ ಇರುವ,
ಮಲ್ಲಿಕಾ

ತಾ.ಕ.: ಕಾಗದ ಮಡಿಚುವಾಗ ಮಾವನವರು ಯಾರಿಗೆ ಎಂದು ಕೇಳಿದರು. ಹೇಳಿದೆ. ಓದು ಅಂದರು. ನಮ್ಮಿಬ್ಬರ ಮಾತು ಬಿಟ್ಟು ಉಳಿದದ್ದನ್ನು ಓದಿದೆ. ಎಲ್.ವಿ. ಫಲಕದ ಹತ್ತಿರ ಬಂದಾಗ ನಗಲು ಶುರುಮಾಡಿದರು. ‘ಆಕಿ ಗಂಡ ಇಳದರೇನು, ಬಿಟ್ಟರೇನು, ನನಗೇನಾಗಬೇಕಾಗ್ಯದವ್ವ? ಅಂಬು ಬಂದು ಬಾಜೂಕ ಕುಂತು ನಾಕು ಮಾತಾಡ್ಲಿ ಅಂತ ಹಟ ಹಿಡದೀನಿ. ಬಾ ಅಂತ ಸುಮ್ಮ ಕರದರ ಬರ್ತಾನೇನು ಅಂವ?’ ನೀವು ಬೇರೆಯಾಗಿ ಇದ್ದೀರೆಂಬುದು ಅವರಿಗೆ ಎಂದೋ ಗೊತ್ತಂತೆ. ನಾನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳುತ್ತಿದ್ದೆನಲ್ಲ, ನನ್ನ ಮನಸ್ಸು ಮುರಿಯಬಾರದೆಂದು ನಂಬಿದವರ ಹಾಗೆ ಇದ್ದರಂತೆ. ಇದನ್ನು ನಿಮಗೆ ಬರೆಯಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಬರೆದಿದ್ದೇನೆ. ನೀವು ಏನೂ ತಿಳಿಯದವರ ಹಾಗೆ ಬಂದು ಕಥೆ ಹೇಳಿ, ನೆನಪಿಲ್ಲದಿದ್ದರೆ ಕಟ್ಟಿ ಹೇಳಿ, ಅವರು ಏನೂ ಕೇಳುವುದಿಲ್ಲ. ಆ ಹೊತ್ತಿಗೆ ನಾನು ಮನೆಯಲ್ಲಿರಲೋ, ಪಕ್ಕದ ಕಾಕುವಿನ ಮನೆಗೆ ಹೋಗಿ ಕೂರಲೋ, ಅದನ್ನು ಮಾತ್ರ ಮೊದಲೇ ತಿಳಿಸಿ. ಇರು ಅಂದರೆ ಇರುತ್ತೇನೆ.