ಎರಡು ಮೊಳದ ಸರಪಳಿ

ಗದಗ, ಹೆಚ್ಚುವರಿ ಬೇಸಿಗೆ ತಿಂಗಳ ಮೂವತ್ತಮೂರನೆಯ ದಿನ, 2231

ಇನ್ನೂರು ವರ್ಷ ಹಿಂದಿನ ನಮ್ಮ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ಹನ್ನೆರಡು ತಿಂಗಳಲ್ಲಿ ನಮ್ಮ ಬೇಸಿಗೆ ಮುಗಿಯಲಿಲ್ಲ, ಇನ್ನೊಂದು ತಿಂಗಳು ಸೇರಿಸಿಕೊಂಡೆವು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಕೂತಿರುವ ಭಂಗಿಯೂ ನೆಟ್ಟಗಿಲ್ಲ. ಕೊರಳಿಗೆ ಸರಪಳಿ ಇದೆ. ನಾನೇ ಹಾಕಿಕೊಂಡದ್ದು.

ನಾನು ನೀಲಾಂಬಿಕಾ ಹೊಸಮನಿ, ಈ ಊರಿನ ಬಾಯಾಳು. ಅಂದರೆ ಬಾಯಿಲ್ಲದ ಜೀವಗಳ ಪರವಾಗಿ ನ್ಯಾಯಸಭೆಯಲ್ಲಿ ಮಾತಾಡುವವಳು. ಹೊಡೆಯುವುದು, ಉಪವಾಸ ಕೆಡವುವುದು, ಶಕ್ತಿ ಮೀರಿ ಹೇರುವುದು, ಮುದಿಯಾದ ಮೇಲೆ ಬೀದಿಗೆ ಬಿಡುವುದು, ಇವೆಲ್ಲ ನಮ್ಮ ಕಾಯಿದೆಯಲ್ಲಿ ಹಿಂಸೆಯೇ. ಗಿಡ್ಡ ಸರಪಳಿಯಲ್ಲಿ ಬದುಕಿಡೀ ಕಟ್ಟಿಹಾಕುವುದು ಮಾತ್ರ ಆ ಪಟ್ಟಿಯಲ್ಲಿಲ್ಲ. ಹೊಸ ಹಿಂಸೆಯೊಂದನ್ನು ಸೇರಿಸಬೇಕೆಂದರೆ, ಹಾಗೆ ಕೇಳಿಕೊಳ್ಳುವವರೇ ಅದನ್ನು ಸಭೆಯೆದುರು ತಮ್ಮ ಮೈಮೇಲೆ ಅನುಭವಿಸಿ ತೋರಿಸಬೇಕು. ಇದಕ್ಕೆ ಮೈಸಾಕ್ಷಿ ಎನ್ನುತ್ತೇವೆ. ಈ ನೇಮ ಮಾಡಿದವರು ಬಲು ಜಾಣರು. ಅಂದಿನಿಂದ ಕಾಯಿದೆ ಒಂದು ಸಾಲೂ ಬೆಳೆದಿಲ್ಲ.

ಪಕ್ಕದಲ್ಲಿ ತನ್ನ ಸರಪಳಿಯಲ್ಲೇ ಮಲಗಿರುವವಳು ಚಂಪಿ, ಸಾಕ್ಷಿಗೆಂದು ಸಭೆಗೆ ಕರೆತಂದ ಫಕೀರಪ್ಪನವರ ನಾಯಿ. ಮಧ್ಯಾಹ್ನ ಊರಿಗೆ ಊರೇ ತಂಪಿಗೆಂದು ನೆಲಮಾಳಿಗೆಗೆ ಇಳಿದಾಗ ಮೇಲೆ ಬಾಗಿಲು ಕಾಯುವವಳು, ಮರಿಯಾಗಿದ್ದಾಗಿನಿಂದ ಎರಡು ಮೊಳದ ಸರಪಳಿಯಲ್ಲಿ. ತಗಡಿನ ನೆರಳಿದೆ, ನೀರಿದೆ. ಕೊರಳಿನ ಕೂದಲು ಉದುರಿದೆ. ಬಿಚ್ಚಿ ಬಿಟ್ಟರೂ ಅಷ್ಟೇ ಜಾಗದಲ್ಲಿ ಸುತ್ತುತ್ತಾಳೆ. ಅದನ್ನು ಕಂಡು ಮೊದಲು ಅಳು ಬಂತು, ಆಮೇಲೆ ಸಿಟ್ಟು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಫಕೀರಪ್ಪ ಕೆಟ್ಟವರಲ್ಲ. “ಹೊತ್ತಹೊತ್ತಿಗೆ ಕೂಳ ಹಾಕೇನ್ರಿ, ಒಂದ್ ದಿನಾ ಕೈ ಎತ್ತಿಲ್ಲ. ಹಿಂಸಾ ಎಲ್ಲಿ ಬಂತು?” ಎಂದು ಸಭೆಯಲ್ಲಿ ಕೇಳಿದರು. ಸಭೆ ತಲೆದೂಗಿತು. ನಾನು ಅದೇ ಅಳತೆಯ ಇನ್ನೊಂದು ಸರಪಳಿ ತರಿಸಿ ಸಭೆಯ ಅಂಗಳದ ಕಂಬಕ್ಕೆ ಕಟ್ಟಿಕೊಂಡು ಕೂತೆ. ನೆರಳಿದೆ, ಊಟವಿದೆ, ಇನ್ನೇನು ಕಷ್ಟ ಎಂದು ಸಭೆಯವರು ಹೋಗುತ್ತ ಬರುತ್ತ ಕಿಚಾಯಿಸುತ್ತಾರೆ. ನಾಲ್ಕು ದಿನಕ್ಕೇ ಕೊರಳು ಹುಣ್ಣಾಗಿದೆ.

ಇವತ್ತು ಫಕೀರಪ್ಪನವರೇ ನನಗೆ ರೊಟ್ಟಿ, ಝುಣಕ ತಂದರು. ತಟ್ಟೆ ಇಟ್ಟು ಕೊರಳು ನೋಡಿದರು. “ಬಿಚ್ಚರಿ ಯವ್ವಾ ಅದನ್ನ. ಬರೇ ಊಟಾ ಕೊಟ್ಟು ಹಿಂಗ ಕಟ್ಟಿಹಾಕಿದ್ರ ಯಾವ ದೇವರು ಮೆಚ್ಚತಾನ?” ಎಂದರು. ಹೇಳಿದ ಮೇಲೆ ಅವರ ಕಣ್ಣು ಚಂಪಿಯ ಕಡೆ ತಿರುಗಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅವರು ಬಿಚ್ಚಿಯಾರು. ಉಳಿದ ಬಾಗಿಲುಗಳಿಗೆ ಕಾಯಿದೆಯೇ ಬೇಕು. ಸಭೆಯವರ ಮನೆಗಳಲ್ಲೂ ಇಂಥವೇ ಸರಪಳಿಗಳಿವೆ. ಅದಕ್ಕೇ ಸಂಜೆಯೊಳಗೆ ಏಳದಿದ್ದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಹೇಳಿಕಳಿಸಿದ್ದಾರೆ. ತೆಗೆಯಲಿ.

ನಿಮ್ಮಲ್ಲಿ ಒಂದೇ ಕೇಳಿಕೆ. “ಹೊಡೆದಿಲ್ಲವಲ್ಲ” ಎಂಬ ಮಾತನ್ನು ನಮಗೆ ಬಿಟ್ಟುಹೋದವರು ನೀವು. ನಿಮ್ಮ ಗೇಟಿನ ಪಕ್ಕ ಕಟ್ಟಿದ ನಾಯಿಯೆದುರು ಇವತ್ತೇ ಕುಕ್ಕರಗಾಲಲ್ಲಿ ಕೂತು, ಆ ಮಾತನ್ನು ವಾಪಸು ತೆಗೆದುಕೊಳ್ಳಿ.

ನಾನಂತೂ ಏಳುವುದಿಲ್ಲ. ಬೇಕಾದರೆ ಸಭೆಯವರೇ ಬಂದು ಬಿಚ್ಚಲಿ. ಆದರೆ ಮೊದಲು ಚಂಪಿಯದು.