ಎಂಬತ್ತೈದು ಡಾಲರಿನ ಕೋಟು

ಹೆಮ್ಲಾಕ್ ಪಾಯಿಂಟ್, ಮಿಷಿಗನ್
ಭಾನುವಾರ, 8 ಫೆಬ್ರವರಿ 2026

ನನ್ನ ಮುದ್ದು ಡನೀನ್,

ನಾನು ನಿನಗೆ ಕಾಗದ ಬರೆಯುವುದು ತಾಯಂದಿರ ದಿನಕ್ಕೆ, ಅದಕ್ಕೆ ಇನ್ನೂ ಮೂರು ತಿಂಗಳಿದೆ. ಇಷ್ಟು ಬೇಗ ನನ್ನ ಕಾಗದ ಕಂಡು, ಮುದುಕಿ ಹಾಸಿಗೆ ಹಿಡಿದಿರಬೇಕು ಎಂದು ನೀನು ಗಾಬರಿಯಾಗಿರುತ್ತೀಯ. ಹಾಗೇನಿಲ್ಲ. ಎಪ್ಪತ್ತೊಂಬತ್ತಾದರೂ ಬಾಗಿಲ ಮುಂದಿನ ಹಿಮ ನಾನೇ ಎತ್ತಿಹಾಕುತ್ತೇನೆ. ಈ ಸಲ ಕಿಟಕಿಯ ಅರ್ಧದವರೆಗೆ ಬಿದ್ದಿದೆ. ಫೋನಿನಲ್ಲೇ ಹೇಳಬಹುದಿತ್ತು ಅನ್ನು. ಆದರೆ ಫೋನಿನಲ್ಲಿ ನೀನು ನಗುತ್ತೀಯ, ನಾನೂ ನಗುತ್ತೇನೆ, ಹೇಳಬೇಕಾದ ಮಾತು ಉಳಿದುಬಿಡುತ್ತದೆ. ಮೂವತ್ತೆರಡು ವರ್ಷದಿಂದ ಹಾಗೇ ಆಗುತ್ತಿದೆ.

ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗಿಯರಿಗೂ ಈಗ ಆಡಿದ್ದಕ್ಕೆ ದುಡ್ಡು ಸಿಗುತ್ತದೆ, ಕೇಳಿದೆಯಾ? ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಎಣ್ಣೆ ಬಾವಿ ಇರುವ ಅಭಿಮಾನಿಗಳು ಆಟಗಾರರಿಗೆ ಕಾರು, ಮನೆ ಎಲ್ಲ ಕೊಡಿಸುತ್ತಾರಂತೆ. ನಮ್ಮಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ನಮ್ಮಲ್ಲಿರುವುದು ಚರ್ಚಿನ ನೆಲಮಾಳಿಗೆ, ಎರಡು ಓವನ್, ಒಂಬತ್ತು ಜನ ಮುದುಕಿಯರು. ಗುರುವಾರ ಗುರುವಾರ ಸೇರಿ ನೂರೈವತ್ತು ಪಾಸ್ಟಿ ಮಾಡುತ್ತೇವೆ. ಅದೇ, ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಕಡುಬಿನ ಹಾಗೆ ಮಡಿಚಿ ಬೇಯಿಸುವುದು. ನೀನು ಅದರ ಮೇಲೆ ಖಾರದ ಸಾಸ್ ಸುರಿದುಕೊಂಡು ನನ್ನ ಮರ್ಯಾದೆ ತೆಗೆಯುತ್ತಿದ್ದೆಯಲ್ಲ, ಅದೇ. ಒಂದಕ್ಕೆ ಎಂಟು ಡಾಲರ್. ಖರ್ಚು ಕಳೆದು ಉಳಿದದ್ದು ಅಭಿಮಾನಿಗಳ ನಿಧಿಗೆ ಹೋಗುತ್ತದೆ, ಅಲ್ಲಿಂದ ಹುಡುಗಿಯರಿಗೆ. ಬದಲಿಗೆ ಅವರು ಬಂದು ನಿಂತು ಪೊಟ್ಟಣಗಳ ಮೇಲೆ ಸಹಿ ಹಾಕಬೇಕು. ಸುಮ್ಮನೆ ಕೊಟ್ಟರೆ ಈಗಲೂ ತಪ್ಪಂತೆ. ಕಳೆದ ತಿಂಗಳು ತಲೆಗೆ ನೂರಾ ಎಪ್ಪತ್ತು ಡಾಲರ್ ಬಂತು.

ನನ್ನ ತಮ್ಮ ರೇನೋ ಇದಕ್ಕೆ ಸಿಡಿಮಿಡಿ. "ನಾವು ಐಸ್ ಮೇಲೆ ಹಾಕಿ ಆಟ ಆಡೋವಾಗ ಹಲ್ಲು ಮುರ್ಕೊಂಡ್ರೂ ಯಾರೂ ಒಂದು ಕಾಸು ಬಿಚ್ಚಲಿಲ್ಲ. ಈಗ ಇವ್ರಿಗೆ ಸಂಬಳ ಬೇರೆ ಕೇಡು!" ಅಂದ. "ನಿನ್ನ ಹಲ್ಲಿಗೆ ಯಾರು ಕೊಡ್ತಾರೋ ದುಡ್ಡು? ಇದ್ದಾಗ್ಲೂ ಅದು ನೋಡೋ ಹಾಗಿರ್ಲಿಲ್ಲ. ಸುಮ್ನೆ ಈರುಳ್ಳಿ ಹೆಚ್ಚು," ಅಂದೆ. ಗೊಣಗುತ್ತಾ ಎರಡು ಬುಟ್ಟಿ ಹೆಚ್ಚಿದ. ಗುರುವಾರ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವನೂ ಅವನೇ.

ಶುರುವಿನಲ್ಲಿ ನಾವೊಂದು ದಡ್ಡತನ ಮಾಡಿದೆವು. ಪಾಸ್ಟಿಯ ಮೂಲೆಯಲ್ಲಿ ಚಾಕುವಿನಿಂದ ತಿನ್ನುವವರ ಹೆಸರಿನ ಅಕ್ಷರ ಕೊರೆಯುವುದು ಗಣಿಗಳ ಕಾಲದಿಂದ ನಮ್ಮ ರೂಢಿ ತಾನೆ. ನೀವು ಇಲ್ಲಿ ಆಡುತ್ತಿದ್ದಾಗ ನಿನಗೂ ನಿನ್ನ ಕೋಣೆಯ ಗೆಳತಿ ಹೈಡಿಗೂ ಭಾನುವಾರ ಭಾನುವಾರ ಕೊರೆಯುತ್ತಿದ್ದೆ. ಅದೇ ಹುರುಪಿನಲ್ಲಿ, ಒಬ್ಬೊಬ್ಬ ಆಟಗಾರ್ತಿಯ ಅಕ್ಷರ ಕೊರೆಯೋಣ, ಯಾರ ಅಕ್ಷರದ್ದು ಮಾರಿದರೆ ಅವಳಿಗೆ ಆ ದುಡ್ಡು ಎಂದುಕೊಂಡೆವು. ಯಾರೆಲಿ ಎಂಬ ಹುಡುಗಿ ಇದ್ದಾಳೆ, ಅರಿಜೋನಾದ ಮರಳುಗಾಡಿನವಳು, ಪಂದ್ಯಕ್ಕೆ ಇಪ್ಪತ್ತು ಪಾಯಿಂಟ್ ಹೊಡೆಯುತ್ತಾಳೆ. ಅವಳ ಪಾಸ್ಟಿಗಳು ಹತ್ತು ಗಂಟೆಗೇ ಖಾಲಿ. ಬೆಂಚಿನ ಮೇಲೆ ಕೂರುವ ಹುಡುಗಿಯರದ್ದು ಹಾಗೇ ತಣ್ಣಗಾಗಿ ಬಿದ್ದಿದ್ದವು. ಅವರಲ್ಲೊಬ್ಬಳು ಯಾರಿಗೂ ಕಾಣದ ಹಾಗೆ ಬಂದು ತನ್ನದೇ ಅಕ್ಷರದ ಎರಡು ಕೊಂಡುಕೊಂಡಳು.

ಅದನ್ನು ಅವರ ಕೋಚ್ ಕೂಡ ನೋಡಿದಳು. ಮುಂದಿನ ವಾರ ಬಂದು, "ಇನ್ನು ಅಕ್ಷರ ಬೇಡ. ಬಂದದ್ದು ಹದಿನಾಲ್ಕು ಪಾಲು. ಆಡ್ದೋಳಿಗೂ ಅಷ್ಟೇ, ನೀರು ಕೊಟ್ಟೋಳಿಗೂ ಅಷ್ಟೇ. ಒಪ್ಪದಿದ್ರೆ ನನ್ನ ಹುಡುಗೀರು ಇಲ್ಲಿ ಕಾಲಿಡಲ್ಲ," ಅಂದಳು. ಎಲ್ಲರೂ ತಲೆಯಾಡಿಸಿದೆವು.

ಕೋಚ್ ಯಾರೆಂದು ನಿನಗೆ ಗೊತ್ತು. ಹೈಡಿ ಲಾಹ್ಟಿ. ಹೆಸರು ಕಂಡ ಕೂಡಲೇ ಕಾಗದ ಮಡಿಚಿಡಬೇಡ, ನನ್ನಾಣೆ. "ಆ ಹೆಂಗಸು ಅಲ್ಲಿರೋವರೆಗೂ ನಾನು ಆ ಊರಿಗೆ ಬರಲ್ಲಮ್ಮ" ಎಂದು ನೀನು ಎಷ್ಟು ಸಲ ಹೇಳಿದ್ದೀಯ! ನೀನಿರುವ ಮಿಲ್ವಾಕಿಯಿಂದ ಇಲ್ಲಿಗೆ ಆರು ಗಂಟೆ ದಾರಿ. ನಿನ್ನ ಮದುವೆಗೆ ನಾನೇ ಅಲ್ಲಿಗೆ ಬಂದೆ, ಮಗು ಹುಟ್ಟಿದಾಗಲೂ ನಾನೇ ಬಂದೆ. ನೀನು ಮಾತ್ರ ಇತ್ತ ತಲೆ ಹಾಕಲಿಲ್ಲ. ಪ್ರತಿ ಸಲ ನಾನು "ಆಯ್ತು ಬಿಡು" ಅಂದೆ. ಹಾಗಂದಾಗ ನನ್ನ ಮುಖ ನಿನಗೆ ಕಾಣುತ್ತಿರಲಿಲ್ಲ, ಅದೇ ಪುಣ್ಯ.

ಮೊನ್ನೆ ಗುರುವಾರ ವ್ಯಾಪಾರ ಮುಗಿದ ಮೇಲೆ ಯಾರೆಲಿ ಒಂದು ಫಾರಂ ತಂದು ಹಿಟ್ಟಿನ ಮೇಜಿನ ಮೇಲಿಟ್ಟಳು. ನಿಧಿಯ ಪರವಾಗಿ ಸಹಿ ಹಾಕುವವಳು ನಾನು. ನಾನು ಬರೆಯದಿದ್ದರೆ ಅವಳಿಗೆ ಆ ತಿಂಗಳ ದುಡ್ಡಿಲ್ಲ. ಅದರಲ್ಲಿ ಕೇಳಿದ್ದು ಇಷ್ಟೇ: ಕೊಟ್ಟವರು ಯಾರು, ಏನು ಕೊಟ್ಟರು, ಬೆಲೆ ಎಷ್ಟು. ನಾನು ಪೆನ್ನು ಹಿಡಿದೆ. ಕೈ ಓಡಲಿಲ್ಲ ಡನೀನ್. ಪೆನ್ನು ಕೆಳಗಿಟ್ಟು ಮೇಜಿನ ಅಂಚು ಹಿಡಿದುಕೊಂಡೆ. ಹುಡುಗಿ ಹೆದರಿ ನನ್ನನ್ನು ಹಿಡಿದು ಕೂರಿಸಿದಳು. "ಏನಾಯ್ತಜ್ಜಿ? ಆಸ್ಪತ್ರೆಗೆ ಹೋಗೋಣ್ವಾ?" ಅಂದಳು. ಆಗ ಆ ಮಗುವಿಗೆ ಎಲ್ಲ ಹೇಳಿಬಿಟ್ಟೆ. ಯಾರಿಗೂ ಹೇಳದ್ದನ್ನು ಹತ್ತೊಂಬತ್ತು ವರ್ಷದವಳಿಗೆ ಹೇಳಿದೆ. ಕೇಳಿ ಅವಳು, "ಇದನ್ನ ನಂಗೆ ಯಾಕೆ ಹೇಳ್ತಿದೀರಾ ಅಜ್ಜಿ? ಅವ್ರಿಗೆ ಹೇಳಿ," ಅಂದಳು. ಸರಿಯಾದ ಮಾತು. ಆಮೇಲೆ ಅವಳ ಫಾರಂ ತುಂಬಿಕೊಟ್ಟೆ.

ಈಗ ನಿನಗೆ ಹೇಳುತ್ತೇನೆ. ಅದಕ್ಕೆ ಮೊದಲು ಒಮ್ಮೆ ಎದ್ದು ಹೋಗಿ ಒಲೆಗೆ ಸೌದೆ ಹಾಕಿ ಬಂದೆ, ಬೇಕಿರಲಿಲ್ಲ.

ನೀನು ಬೆಚ್ಚಗಿನ ಅಲಬಾಮಾದಿಂದ ಇಲ್ಲಿಯ ಕಾಲೇಜಿನಲ್ಲಿ ಆಡಲು ಬಂದಾಗ ಮೈಮೇಲಿದ್ದದ್ದು ಒಂದು ಹತ್ತಿಯ ಜಾಕೆಟ್ಟು. ನವೆಂಬರಿನಲ್ಲಿ ತುಟಿ ನೀಲಿಯಾಗಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ನಾನು ಕೇಳಿದರೆ, "ಚಳಿ ಏನಿಲ್ಲಮ್ಮ, ಚೆನ್ನಾಗೇ ಇದೆ" ಅಂದೆ, ಹಲ್ಲು ಕಟಕಟ ಅನ್ನುತ್ತಿತ್ತು. ಆವತ್ತೇ ನಿನ್ನನ್ನು ಅಂಗಡಿಗೆ ಎಳೆದುಕೊಂಡು ಹೋಗಿ ಆ ಕಡುನೀಲಿ ಕೋಟು ಕೊಡಿಸಿದೆ. ಎಂಬತ್ತೈದು ಡಾಲರ್. ಅಭಿಮಾನಿಗಳು ಆಟಗಾರರಿಗೆ ಒಂದು ಸಾಕ್ಸ್ ಕೊಟ್ಟರೂ ತಪ್ಪಾಗಿದ್ದ ಕಾಲ ಅದು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಕೊಡಿಸುತ್ತಿದ್ದೆ.

ಮುಂದಿನ ಚಳಿಗಾಲ, ನಿನ್ನ ಕೊನೆಯ ವರ್ಷ, ಜನವರಿಯಲ್ಲಿ, ಆ ಕೋಟು ತೆಗೆದುಕೊಂಡದ್ದಕ್ಕೆ ನಿನ್ನನ್ನು ತಂಡದಿಂದ ಹೊರಗಿಟ್ಟರು. ಕೋಟು ನನಗೆ ವಾಪಸ್ಸು ಕೊಡಬೇಕು, ಅದರ ಬೆಲೆಯನ್ನು ಯಾವುದಾದರೂ ಧರ್ಮಸಂಸ್ಥೆಗೆ ಕಟ್ಟಬೇಕು ಎಂದರು. ನೀನು ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು ವಾರಕ್ಕೆ ಐದರಂತೆ ಹದಿನೇಳು ವಾರ ಕಟ್ಟಿದೆ. ಕೊನೆಯ ಪಂದ್ಯದ ದಿನ ಹಿರಿಯ ಆಟಗಾರ್ತಿಯರು ತಾಯಿಯ ಕೈ ಹಿಡಿದು ಅಂಕಣದ ನಡುವಿಗೆ ನಡೆಯುತ್ತಾರಲ್ಲ, ನಿನ್ನ ತಾಯಿ ತೀರಿಹೋಗಿದ್ದಳೆಂದು ನಾನು ನಡೆಯಬೇಕಿತ್ತು. ಹೊಸ ಶೂ ಕೂಡ ತಂದಿಟ್ಟಿದ್ದೆ. ನೀನು ಹೆಸರಿಲ್ಲದವಳ ಹಾಗೆ ಮೇಲಿನ ಸಾಲಿನಲ್ಲಿ ಕೂತು ಬೇರೆಯವರಿಗೆ ಚಪ್ಪಾಳೆ ತಟ್ಟಿದೆ. ನಿನ್ನ ಜಾಗದಲ್ಲಿ ಹೈಡಿ ಆಡಿದಳು.

ಅದರ ಮರುದಿನ ಭಾನುವಾರ ನನ್ನ ಅಡಿಗೆಮನೆಯಲ್ಲಿ ನೀನು ಅವಳನ್ನು ಕೇಳಿದೆ: "ಎಂಬತ್ತೈದು ಅಂತ ಸರಿಯಾಗಿ ಅವ್ರಿಗೆ ಹೇಗೆ ಗೊತ್ತಾಯ್ತು? ಅಂಗಡೀಲಿ ನಮ್ಮ ಜೊತೆ ಇದ್ದೋಳು ನೀನೊಬ್ಳೇ. ನೀನೇ ಹೇಳಿದ್ದಾ?" ಹೈಡಿ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ತಟ್ಟೆ ನೋಡುತ್ತಾ ಕೂತಳು. ನೀನು ಬಾಗಿಲು ಬಡಿದು ಹೋದೆ. ಒಂದೇ ಕೋಣೆ, ಒಂದೇ ಸೋಪು, ಒಂದೇ ಬಾಚಣಿಗೆ ಹಂಚಿಕೊಂಡವರು ನೀವು. ಆವತ್ತಿನಿಂದ ಇವತ್ತಿನವರೆಗೆ ಒಂದು ಮಾತಿಲ್ಲ.

ಹೇಳಿದವಳು ಹೈಡಿ ಅಲ್ಲ ಡನೀನ್. ನಾನು.

ದ್ವೇಷಕ್ಕಲ್ಲ, ಆಸೆಗಲ್ಲ. ಜಂಬಕ್ಕೆ. ಆ ಜನವರಿಯಲ್ಲಿ ಕಾಲೇಜಿನವರು ಅಭಿಮಾನಿಗಳ ಸಂಘದ ಎಲ್ಲರಿಗೂ ಒಂದು ಫಾರಂ ಕಳಿಸಿದ್ದರು: ಆಟಗಾರರಿಗೆ ನೀವು ಏನಾದರೂ ಕೊಟ್ಟಿದ್ದೀರಾ? ಉಳಿದವರೆಲ್ಲ ಒಲೆಗೆ ಹಾಕಿದರು. ನಾನು ಮೇಜಿನ ಮುಂದೆ ಕೂತು, ನಿನಗೆ ಗೊತ್ತಿರುವ ನನ್ನ ಹಸಿರು ಶಾಯಿಯಲ್ಲಿ, ದುಂಡಗೆ ಬರೆದೆ: ಕೋಟು ಒಂದು, ಕಡುನೀಲಿ, ಒಳಗೆ ಉಣ್ಣೆ, 85 ಡಾಲರ್. ಭಾನುವಾರದ ಊಟ ಸುಮಾರು ನಲವತ್ತು ಸಲ. ಕೆಳಗೆ ಜಾಗ ಉಳಿದಿತ್ತು. ಅಲ್ಲಿ, ಹುಡುಗಿ ಬಹಳ ಒಳ್ಳೆಯವಳು, ಬೇಕಾದರೆ ಇನ್ನೊಬ್ಬಳಿಗೂ ಕೊಡಿಸುತ್ತೇನೆ ಎಂದೂ ಬರೆದೆ. ನನಗೆ ಶಹಭಾಸ್ ಹೇಳಿ ಪತ್ರ ಬರುತ್ತದೆ ಎಂದು ಕಾಯುತ್ತಿದ್ದೆ. ವಾರದ ಮೇಲೆ ಬಂದ ಪತ್ರ ಬೇರೆಯೇ ಇತ್ತು.

ಆವತ್ತು ನೀನು ಹೈಡಿಯನ್ನು ಕೇಳುವಾಗ ನನ್ನ ಕೈಯಲ್ಲಿ ಬಿಸಿ ತಟ್ಟೆ ಇತ್ತು. ಅದನ್ನು ಮೇಜಿನ ಮೇಲಿಟ್ಟೆ. ನಾಳೆ ಹೇಳುತ್ತೇನೆ ಎಂದುಕೊಂಡೆ. ಮರುದಿನ ನೀನು ಬಂದು ನನ್ನ ಭುಜಕ್ಕೆ ತಲೆಯಿಟ್ಟು, "ನಂಗೆ ಇನ್ನು ನೀನೊಬ್ಳೇ ಅಮ್ಮ," ಅಂದೆ. ಅದಾದ ಮೇಲೆ ಹೇಳುವ ಧೈರ್ಯ ಎಲ್ಲಿಂದ ತರಲಿ? ನಿನಗೆ ನೋವಾಗುತ್ತದೆ ಎಂದು ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೀನು ನನ್ನನ್ನು ಅಮ್ಮ ಅನ್ನುವುದು ನಿಂತುಹೋದರೆ ನಾನು ಉಳಿಯುತ್ತಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ. ನಿನ್ನನ್ನು ಇಟ್ಟುಕೊಳ್ಳಲು ಆ ಹುಡುಗಿಯನ್ನು ಬಲಿಕೊಟ್ಟೆ.

ಈ ತಿಂಗಳ 28, ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಹಿರಿಯರ ಬೀಳ್ಕೊಡುಗೆ ಪಂದ್ಯ ಇದೆ. ಅಂದು, ಆ ವರ್ಷ ಕೂಗದೆ ಉಳಿದ ನಿನ್ನ ಹೆಸರನ್ನೂ ಕೂಗಬೇಕು, ನೀನು ನಡೆಯಬೇಕು ಎಂದು ಕಾಲೇಜಿನವರ ಬೆನ್ನು ಬಿದ್ದು ಒಪ್ಪಿಸಿದವಳು ಹೈಡಿ. "ನಾನು ಕರೆದ್ರೆ ಬರಲ್ಲ, ನೀವು ಕರೀರಿ," ಎಂದು ನನ್ನ ಹತ್ತಿರ ಬಂದಳು. ಏನೂ ಹೇಳದೆ ನಿನ್ನನ್ನು ಕರೆಯಬಹುದಿತ್ತು. ನೀನು ಬಂದರೂ ಬರುತ್ತಿದ್ದೆ. ಆದರೆ ಎಲ್ಲರ ಮುಂದೆ ನಿನ್ನ ಕೈ ಹಿಡಿದು, ಅವಳ ಎದುರಿನಿಂದ ಹಾದು ನಡೆಯುವುದು ನನ್ನಿಂದಾಗದು.

ಆದ್ದರಿಂದ ಬಾ. ನನ್ನ ಜೊತೆ ನಡೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಬೇಡವೆಂದರೆ ನಾನು ಮೇಲಿನ ಸಾಲಿನಲ್ಲಿ, ಅಂದು ನೀನು ಕೂತಿದ್ದ ಜಾಗದಲ್ಲಿ ಕೂತು ಚಪ್ಪಾಳೆ ತಟ್ಟುತ್ತೇನೆ, ಕೆಳಗಿಳಿಯುವುದಿಲ್ಲ. ಕೋಟು ಇನ್ನೂ ನನ್ನ ಬೀರುವಿನಲ್ಲಿದೆ, ಹುಳ ಹಿಡಿದಿಲ್ಲ. ನಿನ್ನ ಮೈಗೆ ಈಗ ಆಗುತ್ತದೋ ಇಲ್ಲವೋ, ರೇನೋ ಕೈಯಲ್ಲಿ ಕಳಿಸುತ್ತೇನೆ. ಅದು ನಿನ್ನದು.

ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತಿದೆ, ಆದರೂ ಕೇಳುತ್ತಿದ್ದೇನೆ. ನಿನ್ನ ಮೇಲಿನ ಪ್ರೀತಿಯಲ್ಲಿ ಒಂದು ದಿನವೂ ಸುಳ್ಳಿರಲಿಲ್ಲ, ಅದನ್ನಾದರೂ ನಂಬು.

ಎಂದೂ ನಿನ್ನವಳೇ,
ಲೆಂಪಿ ಹಾರ್ಯು
(ಪ್ರತಿ ಸಲದ ಹಾಗೆ "ಅಮ್ಮ" ಎಂದು ಬರೆಯಲು ಈ ಸಲ ನಿನ್ನ ಅಪ್ಪಣೆ ಬೇಕು.)

ಮತ್ತೊಂದು ಮಾತು, ಸೋಮವಾರ: ಇದನ್ನು ಅಂಚೆಗೆ ಹಾಕುವ ಮೊದಲು ಹೈಡಿಗೂ ಹೇಳುವುದು ನ್ಯಾಯ ಅನ್ನಿಸಿ ಬೆಳಿಗ್ಗೆ ಅವಳ ಅಂಕಣಕ್ಕೆ ಹೋದೆ. ಒಬ್ಬಳೇ ಚೆಂಡುಗಳನ್ನು ಆರಿಸಿ ಚೀಲಕ್ಕೆ ತುಂಬುತ್ತಿದ್ದಳು. ನಾನು ಅರ್ಧ ಹೇಳುವಷ್ಟರಲ್ಲಿ, "ಗೊತ್ತು," ಅಂದಳು. "ಆವತ್ತು ಅವಳ ಜಾಗದಲ್ಲಿ ಆಡು ಅನ್ನೋಕೆ ನಮ್ಮ ಕೋಚ್ ನನ್ನನ್ನ ಕರೆದಾಗ ನಿಮ್ಮ ಫಾರಂ ಮೇಜಿನ ಮೇಲಿತ್ತು. ಆ ಹಸಿರು ಶಾಯಿ ನಂಗೆ ಗೊತ್ತಾಗಲ್ವಾ?" ನಾನು ಬೆಂಚಿನ ಮೇಲೆ ಕೂತೆ. ಮತ್ತೆ ಯಾಕಮ್ಮ ಹೇಳಲಿಲ್ಲ ಎಂದು ಕೇಳಿದೆ. "ಅವಳಿಗೆ ಈ ಊರಲ್ಲಿದ್ದದ್ದು ಒಬ್ಬಳು ಗೆಳತಿ, ಒಬ್ಬರು ಅಮ್ಮ. ಎರಡರಲ್ಲಿ ಒಂದು ಹೋಗ್ಲೇಬೇಕಿತ್ತು. ಗೆಳತಿ ಆದ್ರೆ ಇನ್ನೊಬ್ಳು ಸಿಗ್ತಾಳೆ ಅಂದ್ಕೊಂಡೆ." ಚೀಲದ ಬಾಯಿ ಕಟ್ಟಿ ಪಕ್ಕಕ್ಕಿಟ್ಟಳು. ಆಮೇಲೆ, "ನಂಗೆ ಮಾತ್ರ ಸಿಗ್ಲಿಲ್ಲ," ಅಂದಳು.

ಅವಳ ಫೋನ್ ನಂಬರು ಈ ಹಾಳೆಯ ಹಿಂದೆ ಬರೆದಿದ್ದೇನೆ. ಮೊದಲು ಅವಳಿಗೆ ಮಾಡು. ನನಗೆ ಆಮೇಲೆ, ಮನಸ್ಸಾದರೆ.