ಒಬ್ಬಟ್ಟು ತಟ್ಟಿದ ಕೈ

೨೦-೩-೧೯೭೪, ಬುಧವಾರ

ಪೂಜೆ ಮುಗಿಯುವಷ್ಟರಲ್ಲಿ ಪಾಪಕ್ಕ ಮಡಿಲು ತುಂಬ ಹುಣಸೆ ಚಿಗುರು ತಂದಿದ್ದಳು. ಕೆಂಪಗೆ, ಎಳೆ ಎಳೆ. ಬೇಳೆ ಜೊತೆ ಬೇಯಿಸಿ ಬಸಿದು, ಚಿಗುರಿಗೆ ಬೆಳ್ಳುಳ್ಳಿ ಒಗ್ಗರಣೆ, ಬಸಿದ ಕಟ್ಟಿನ ನೀರಿಗೆ ಖಾರ ರುಬ್ಬಿ ಹಾಕಿ ಬಸ್ಸಾರು. ವರ್ಷಕ್ಕೆ ಹದಿನೈದು ದಿನ ಸಿಗುವ ರುಚಿ. ನಾನೇ ಎರಡು ಮುದ್ದೆ ಉಂಡೆ.

ಎಲ್ಲ ಉಂಡೆದ್ದ ಮೇಲೆ ನಮ್ಮವರು ಬಾಯಿ ಬಿಟ್ಟರು. ಯುಗಾದಿ ದಿನ ಕರೆಂಟಿನ ಎಂಜಿನಿಯರ್ ಸಾಹೇಬರು ಹೆಂಡತಿ ಸಮೇತ ಬೆಂಗಳೂರಿನಿಂದ ಊಟಕ್ಕೆ ಬರುತ್ತಾರಂತೆ. ನಮ್ಮ ಪೈಕಿಯವರೇ ಅಂತೆ. ಬಾವಿಗೆ ಪಂಪ್‌ಸೆಟ್ ತಂದು ವರ್ಷವಾಯಿತು, ಕರೆಂಟ್ ಬಂದಿಲ್ಲ. ಅದಕ್ಕೆ ಒಬ್ಬಟ್ಟು! ದೇವರ ಹೆಸರಲ್ಲಿ ಮಾಡುವ ಅಡುಗೆಯನ್ನು ಲೈಟು ಕಂಬಕ್ಕೋಸ್ಕರ ಮಾಡಬೇಕು. ನನ್ನನ್ನು ಒಂದು ಮಾತು ಕೇಳಿದರಾ? ಪಾಪಕ್ಕನನ್ನು? ಅವರ ಸ್ವಂತ ತಂಗಿ. ಒಲೆ ಮುಂದೆ ಬೇಯುವವಳು ಅವಳು...

೨೪-೩-೭೪, ಯುಗಾದಿ, ಸಂಜೆ

ಬೆಳಗಿನ ಜಾವ ನಾಲ್ಕಕ್ಕೇ ಪಾಪಕ್ಕ ಒಲೆ ಹೊತ್ತಿಸಿದಳು. ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಎಳೆ ಹಲಸಿನಕಾಯಿ ಪಲ್ಯ, ಕೋಸಂಬರಿ — ಎಲ್ಲ ಅವಳ ಕೈ. ನಾನು ಎಲೆ ಒರೆಸಿದೆ, ಬಡಿಸಿದೆ. ಗಂಡ ಸತ್ತವಳು ಹಬ್ಬದ ದಿನ ಎಲೆ ಮುಂದೆ ಬರಬಾರದು. ಅತ್ತೆ ಕಾಲದ ಪದ್ಧತಿ. ಅವಳು ತವರಿಗೆ ವಾಪಸು ಬಂದು ಇಪ್ಪತ್ತೆರಡು ವರ್ಷ. ಅಷ್ಟು ವರ್ಷವೂ ತಟ್ಟುವುದು ಅವಳು, ಬಡಿಸುವುದು ನಾನು.

ಸಾಹೇಬರು ಮೂರನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು “ಇಂಥದ್ದು ತಿಂದೇ ಇಲ್ಲ ನಾನು” ಅಂದರು. ನಮ್ಮವರು ಮೀಸೆ ಮೇಲೆ ಕೈಯಾಡಿಸಿ, “ಎಲ್ಲಾ ನಮ್ಮ ಮನೆಯವಳ ಕೈರುಚಿ ಸಾರ್.”

ಮೈ ಉರಿದುಹೋಯಿತು. ವರ್ಷದ ಮೊದಲ ದಿನ, ದೇವರ ಕೋಣೆ ಬಾಗಿಲು ತೆರೆದಿದೆ, ಸುಳ್ಳು!

“ನಂದೇನಿಲ್ಲ ಸ್ವಾಮಿ. ನಮ್ಮ ನಾದಿನಿ ಒಳಗಿದ್ದಾಳೆ. ಮಾಡ್ದೋಳು ಅವಳು” ಅಂದೇಬಿಟ್ಟೆ.

ಸಾಹೇಬರ ಹೆಂಡತಿ ರುಕ್ಮಿಣಮ್ಮ ಕೈ ತೊಳೆದವರೇ ಸೀದಾ ಅಡುಗೆಮನೆಗೆ ಹೋದರು. ಅರ್ಧ ಗಂಟೆ ಅದೇನು ಮಾತೋ. ಜೀಪು ಹತ್ತುವಾಗ ಹೇಳಿದರು, “ಗೋಪಾಲಪ್ಪನೋರೆ, ನಿಮ್ಮ ತಂಗೀನ ನಮ್ಮನೇಗೆ ಕಳಿಸ್ಕೊಡಿ. ಅಡುಗೆ ನೋಡ್ಕೊಳ್ಳಲಿ. ಸಂಬಳ ಕೊಡ್ತೀವಿ.”

“ಅದಕ್ಕೇನಮ್ಮಾ, ಆಗ್ಲಿ” ಅಂದರು ನಮ್ಮವರು. ನನ್ನ ಮುಖ ಕೂಡ ನೋಡಲಿಲ್ಲ.

ಕಂಬಕ್ಕೆ ತಂಗಿ!

೨೫-೩-೭೪

“ನಮ್ಮನೆ ಹೆಣ್ಮಗಳು ಕಂಡೋರ ಮನೇಲಿ ಸಂಬಳಕ್ಕೆ ಮಡಕೆ ಇಡ್ಬೇಕೇನ್ರೀ?”

“ನಿನ್ನ ಹೆಸರು ಹೇಳಿದ್ನಲ್ಲ ನಾನು. ತೆಪ್ಪಗಿದ್ದಿದ್ರೆ ಇದೆಲ್ಲ ಬರ್ತಿತ್ತಾ? ಸತ್ಯವಂತೆ!”

ನಿಜ ಹೇಳಿದ್ದೂ ನನ್ನ ತಪ್ಪೇ ಆಯಿತು. ಅದೇ ಸಿಟ್ಟಿನಲ್ಲಿ ಹಿತ್ತಿಲಿಗೆ ಹೋದೆ. ಪಾಪಕ್ಕ ಬೇವಿನ ಹೂ ಒಣಹಾಕುತ್ತಿದ್ದಳು.

“ಹೆದರ್ಬೇಡ ಕಣೆ. ನಾನಿರೋ ತನಕ ನಿನ್ನ ಯಾರೂ ಕಳಿಸಕ್ಕಾಗಲ್ಲ.”

ತಲೆ ಎತ್ತಲಿಲ್ಲ. “ಯಾರೂ ಕಳಿಸ್ತಿಲ್ಲ ಅತ್ತಿಗೆ. ಆಯಮ್ಮ ನನ್ನೇ ಕೇಳಿದ್ರು. ಹೂಂ ಅಂದೆ.”

“ಏನು ಕಮ್ಮಿ ಮಾಡಿದ್ದೀನೆ ನಿಂಗೆ?”

“ಕಮ್ಮಿ ಏನಿಲ್ಲ. ಅಲ್ಲಿ ನಾನೇ ಬಡಿಸ್ಬೋದಂತೆ. ಹಬ್ಬದ ದಿನಾನೂ.” ಹೂ ಕೆದರುತ್ತಾ ಮೆಲ್ಲಗೆ ಅಂದಳು, “ತಿನ್ನೋರ ಮುಖ ನೋಡ್ಬೇಕು ಅನ್ಸುತ್ತೆ ಅತ್ತಿಗೆ.”

೩೦-೩-೭೪

ನಾಲ್ಕು ದಿನ ಬರೆಯಲಿಲ್ಲ. ಅವಳ ಜೊತೆ ಮಾತೂ ಇಲ್ಲ.

ಮುಖ ನೋಡಬೇಕಂತೆ, ಮುಖ! ಸೀರೆಗೆ, ಊಟಕ್ಕೆ, ಕಾಯಿಲೆಗೆ ಯಾವತ್ತು ಕೈ ಹಿಂದೆ ಮಾಡಿದ್ದೇನೆ? ಜಪಕ್ಕೆ ಕೂತರೂ ಅದೇ. ರಾಮ ರಾಮ ಅನ್ನುವಾಗ ಮಧ್ಯೆ ಬರುತ್ತದೆ. ಬೀಗರು ಬಂದರು, ಶಾನುಭೋಗರು ಬಂದರು, ಚೆನ್ನಾಗಿದೆ ಚೆನ್ನಾಗಿದೆ ಎಂದು ಹೊಗಳಿದ್ದೆಲ್ಲ ನನ್ನ ಕಿವಿಗೇ ಬಿತ್ತು. ಒಳಗೆ ಹೋಗಿ ಅವಳಿಗೆ ಹೇಳಿದ್ದೇನಾ? ಹೇಳಿದ್ದೇನೆ. ಕೆಲವು ಸಲ... ನೆನಪಿಲ್ಲ.

ಈ ಶಾಸ್ತ್ರ ಯಾವ ದೇವರು ಬರೆದದ್ದು? ದೇವರ ಎಡೆಗೆ ಆಗುವ ಅಡುಗೆ ಅವಳದ್ದು. ದೇವರಿಗೇ ಆಗುವ ಕೈ ಮನುಷ್ಯರ ಎಲೆಗೆ ಆಗುವುದಿಲ್ಲವಾ?

೧-೪-೭೪, ರಾಮನವಮಿ

ಪಂಕ್ತಿಯಲ್ಲಿ ಹನ್ನೊಂದು ಎಲೆ. ಮೊದಲನೆಯದು ಮುನಿರಾಮಯ್ಯ ಭಾವನದು — ನಮ್ಮವರ ದೊಡ್ಡಪ್ಪನ ಮಗ, ವಂಶಕ್ಕೆ ಹಿರಿಯರು. ಪಾಯಸದ ಪಾತ್ರೆ ಪಾಪಕ್ಕನ ಕೈಗೆ ಕೊಟ್ಟೆ.

“ಬಡಿಸು.”

“ಬ್ಯಾಡ ಅತ್ತಿಗೆ.”

“ಬಡಿಸು ಅಂದೆ.”

ಬಂದಳು. ಮೊದಲ ಎಲೆಗೆ ಬಗ್ಗಿದಳು. ಭಾವ ಎಲೆ ಮೇಲೆ ಕೈ ಅಡ್ಡ ಇಟ್ಟರು. “ಏನಮ್ಮಾ ಇದು? ಹಬ್ಬದ ದಿನ, ಇವಳ ಕೈಲಿ?”

“ಪಾಯಸ ಕಾಯಿಸಿದ್ದೂ ಅದೇ ಕೈ ಭಾವ. ಇಷ್ಟು ವರ್ಷ ಉಂಡ್ರಲ್ಲ, ಹೊಟ್ಟೆ ನೋವು ಬಂತಾ?”

ಎಲೆ ಮಡಿಸಿ ಎದ್ದರು. ಅವರ ಹಿಂದೆ ಇನ್ನೂ ಮೂವರು. ಅನ್ನದ ಮುಂದಿನಿಂದ, ರಾಮನವಮಿಯ ದಿನ! ಪಾಪ ಯಾರಿಗೆ? ನಮ್ಮವರು ಏಳಲೂ ಇಲ್ಲ, ತಲೆ ಎತ್ತಲೂ ಇಲ್ಲ. ಅವಳು ಮುಂದೆ ನಿಂತಾಗ ಬೇಡ ಅನ್ನಲಿಲ್ಲ, ಅಷ್ಟೇ. ಕೊನೆ ಎಲೆಯಿಂದ ಅಕ್ಕಯಮ್ಮಜ್ಜಿ ಕೂಗಿತು, “ನಂಗೆ ಇನ್ನೆರಡು ಸೌಟು ಹಾಕೇ. ನಾಳೆ ಸಾಯೋಳಿಗೆ ಯಾವ ಶಕುನ!”

ಪಾಪಕ್ಕ ನಕ್ಕಳು.

ಗೆದ್ದೆ ಅಂದುಕೊಂಡೆ. ಪಾತ್ರೆ ತೊಳೆಯುವಾಗ ಕೇಳಿದೆ, “ಇನ್ನು ಹೋಗಲ್ಲ ತಾನೆ?”

“ಹೋಗ್ತೀನಿ ಅತ್ತಿಗೆ.” ಸೌಟು ತೊಳೆದಿಟ್ಟು ಅಂದಳು, “ಅಲ್ಲಿ ನನ್ನ ನೋಡಿ ಯಾರೂ ಎಲೆ ಬಿಟ್ಟು ಏಳಲ್ಲ.”

೪-೪-೭೪, ಗುರುವಾರ

ನಾಳೆ ಶುಕ್ರವಾರ, ಹೆಣ್ಣುಮಗಳನ್ನು ಕಳಿಸಬಾರದು. ಇವತ್ತೇ ಹೊರಟಳು. ಹೊರಡುವವಳಿಗೆ ಮಡಿಲು ತುಂಬೋಣ ಅಂದರೆ ಅದಕ್ಕೂ ಶಾಸ್ತ್ರ ಅಡ್ಡ, ಮುತ್ತೈದೆಯರಿಗೆ ಮಾತ್ರ ಅಂತೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ — ಬೀದಿ ಬಾಗಿಲಲ್ಲೇ ನಿಲ್ಲಿಸಿ ತುಂಬಿದೆ. ಭಾವನ ಹೆಂಡತಿ ಮುತ್ತಮ್ಮ ಎದುರು ಜಗುಲಿಯಿಂದ ಬಾಯಿ ಮೇಲೆ ಕೈಯಿಟ್ಟು ನೋಡಿದಳು. ನೋಡಲಿ. ಊರಿಗೆಲ್ಲ ಹೇಳಲಿ.

ಟ್ರಂಕು ನಮ್ಮವರೇ ಹೊತ್ತರು. ಬೂದಿಗೆರೆ ಕ್ರಾಸಿನ ತನಕ ನಡೆದೆವು. ಬಸ್ಸು ಹತ್ತಿ ಕಿಟಕಿಯಲ್ಲಿ ಕೂತಳು. ಆ ಎಂಜಿನಿಯರ್ ಮೇಲೆ, ಇವರ ಮೇಲೆ, ಭಾವನ ಮೇಲೆ ಸಿಟ್ಟು ಇನ್ನೂ ಆರಿರಲಿಲ್ಲ. ಅದರ ಹಿಂದೆ ಬೇರೆ ಮಾತೊಂದಿತ್ತು. ಅದು ಹೊರಗೆ ಬರುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಹೇಳಬೇಕಿದ್ದದ್ದು ಇಷ್ಟೇ, ಪಾಪಕ್ಕಾ, ನಿನ್ನ ಕೈಯಡುಗೆ ಉಂಡು ನಾನು ಚೆನ್ನಾಗಿದೆ ಅಂತ ಒಂದು ಸಲವಾದರೂ ನಿನಗೆ —